ಜೋಡಿ ಸೈಕಲ್‌ನಲ್ಲಿ ದೂರ ಪ್ರವಾಸ: ಇಬ್ಬರು ತುಳಿದರೆ ಶ್ರಮ ಅರ್ಧವೇ? ಬಿಸಿಲಿಗೆ ಟ್ಯೂಬ್ ಒಡೆಯುತ್ತದೆಯೇ?

ವಿಜಯಪುರ–ಬಾಗಲಕೋಟೆ ಭಾಗ ರಾಷ್ಟ್ರಮಟ್ಟದ ಸೈಕಲ್ ಸವಾರರನ್ನು ಕೊಟ್ಟ ನೆಲ. ಇಲ್ಲಿಂದ ಟ್ಯಾಂಡಮ್, ಅಂದರೆ ಇಬ್ಬರು ಹಿಂದೆ-ಮುಂದೆ ಕೂತು ತುಳಿಯುವ ಜೋಡಿ ಸೈಕಲ್ ಹತ್ತಿ ದೂರದೂರಿಗೆ ಹೊರಡುವವರಿಗೆ ಸಲಹೆಗಳಿಗೇನೂ ಬರವಿಲ್ಲ. ಅವುಗಳಲ್ಲಿ ಯಾವುದು ನಿಜ, ಯಾವುದು ಅಲ್ಲ ಎಂದು ನೋಡೋಣ.

ಮಾತು 1: ಇಬ್ಬರು ತುಳಿದರೆ ಶ್ರಮ ಅರ್ಧ

ಭಾಗಶಃ ನಿಜ. ಹಿಂದಿನ ಸವಾರರು ಮುಂದಿನವರ ಮರೆಯಲ್ಲಿ ಇರುವುದರಿಂದ ಗಾಳಿಯ ತಡೆ ಎರಡು ಪಟ್ಟಾಗುವುದಿಲ್ಲ. ಹಾಗಾಗಿ ಬಯಲು ರಸ್ತೆಯಲ್ಲಿ ಜೋಡಿ ಸೈಕಲ್ ವೇಗವಾಗಿ ಓಡುತ್ತದೆ. ಏರಿನಲ್ಲಿ ಈ ಲಾಭ ಸಿಗದು. ಅಲ್ಲಿ ಅವರವರ ಭಾರವನ್ನು ಅವರವರೇ ಎತ್ತಬೇಕು.

ಮಾತು 2: ಬಿಸಿಲಿಗೆ ಟ್ಯೂಬ್ ಒಡೆಯುತ್ತದೆ, ಗಾಳಿ ಕಡಿಮೆ ಇಡಿ

ತಪ್ಪು. ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುವುದು ನಿಜ. ಆದರೆ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ 25 ಡಿಗ್ರಿ ಇದ್ದಾಗ 60 ಪಿಎಸ್‌ಐ ಗಾಳಿ ತುಂಬಿದ್ದರೆ, ಒಳಗಿನ ಗಾಳಿ 50 ಡಿಗ್ರಿಗೆ ಬಿಸಿಯಾದಾಗಲೂ ಒತ್ತಡ ಸುಮಾರು 66 ಆಗುತ್ತದೆ, ಅಷ್ಟೇ. ಟೈರಿನ ಬದಿಯಲ್ಲಿ ಅಚ್ಚಾದ ಗರಿಷ್ಠ ಮಿತಿಗಿಂತ ಸ್ವಲ್ಪ ಕಡಿಮೆ ತುಂಬಿದರೆ ಸಾಕು. ಇಬ್ಬರ ಭಾರ ಹೊತ್ತ ಟೈರಿನಲ್ಲಿ ಗಾಳಿ ತೀರಾ ಕಡಿಮೆಯಿದ್ದರೆ, ತಗ್ಗಿಗೆ ಬಿದ್ದಾಗ ಟ್ಯೂಬು ರಿಮ್‌ಗೆ ಸಿಕ್ಕಿ ಹರಿಯುತ್ತದೆ. ಇನ್ನು ಹೊಲದ ದಾರಿಗಳಲ್ಲಿ ಬಿಸಿಲಿಗಿಂತ ದೊಡ್ಡ ಶತ್ರು ಜಾಲಿ ಮುಳ್ಳು. ದಪ್ಪ ಟೈರು, ಎರಡು ಹೆಚ್ಚುವರಿ ಟ್ಯೂಬು ಜೊತೆಗಿರಲಿ.

ಮಾತು 3: ಹೊಸ ಬ್ರೇಕ್ ರಬ್ಬರ್ ಹಾಕಿಸಿದರೆ ಬ್ರೇಕ್ ಚಿಂತೆಯಿಲ್ಲ

ಇದನ್ನು ನಂಬಿದರೆ ಅಪಾಯ. 65 ಕಿಲೋ ತೂಕದ ಒಬ್ಬರು, 15 ಕಿಲೋ ಸೈಕಲ್, 10 ಕಿಲೋ ಸಾಮಾನು ಸೇರಿದರೆ 90 ಕಿಲೋ. ಅದೇ ತೂಕದ ಇಬ್ಬರು, 20 ಕಿಲೋ ಜೋಡಿ ಸೈಕಲ್, 20 ಕಿಲೋ ಸಾಮಾನು ಸೇರಿದರೆ 170 ಕಿಲೋ. ಚಕ್ರಗಳು ಮಾತ್ರ ಎರಡೇ. ವೇಗ 20ರಿಂದ 40 ಕಿ.ಮೀ.ಗೆ ಏರಿದರೆ ಬ್ರೇಕ್ ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟು.

ಈ ಶಕ್ತಿಯೆಲ್ಲ ಶಾಖವಾಗುತ್ತದೆ. ರಿಮ್ ಒತ್ತುವ ಬ್ರೇಕನ್ನು ಉದ್ದನೆಯ ಇಳಿಜಾರಿನಲ್ಲಿ ಹಿಡಿದೇ ಇದ್ದರೆ ರಿಮ್ ಕಾದು ಟ್ಯೂಬು ಒಡೆಯಬಹುದು. ಅಂದರೆ ಬಿಸಿಲು ಮಾಡದ ಕೆಲಸವನ್ನು ಬ್ರೇಕ್ ಮಾಡುತ್ತದೆ! ಬೆಳಗಾವಿ ದಾಟಿ ಚೋರ್ಲಾ ಘಾಟಿನಲ್ಲಿ ಗೋವಾಕ್ಕೆ ಇಳಿಯುವವರು ಇದನ್ನು ಮರೆಯಬಾರದು. ದೊಡ್ಡ ಡಿಸ್ಕ್ ಬ್ರೇಕ್ ಇದ್ದರೆ ಒಳ್ಳೆಯದು. ಯಾವ ಬ್ರೇಕ್ ಇದ್ದರೂ ವೇಗ ಏರುವ ಮೊದಲೇ ಹಿಡಿಯಿರಿ, ನಡುವೆ ನಿಂತು ತಣ್ಣಗಾಗಲು ಬಿಡಿ.

ಮಾತು 4: ಏನಾದರೂ ಆದರೆ ದಾರಿಯ ಸೈಕಲ್ ಅಂಗಡಿ ಇದ್ದೇ ಇದೆ

ಪಂಕ್ಚರ್‌ಗೆ ಹೌದು, ಉಳಿದದ್ದಕ್ಕೆ ಅನುಮಾನ. ಜೋಡಿ ಸೈಕಲ್‌ನ ಹಿಂದಿನ ಬ್ರೇಕ್ ಮತ್ತು ಗೇರ್ ವೈರುಗಳು ಉದ್ದ. ಸಾಮಾನ್ಯ ವೈರು ಸಾಲದು. ಇಬ್ಬರ ಪೆಡಲ್‌ಗಳನ್ನು ಜೋಡಿಸುವ ಇನ್ನೊಂದು ಚೈನ್ ಇರುತ್ತದೆ, ಸಾಮಾನ್ಯವಾಗಿ ಎಡಬದಿಯಲ್ಲಿ. ಅದು ಸಡಿಲವಾದರೆ ಕಳಚಿಕೊಳ್ಳುತ್ತದೆ. ಉದ್ದದ ವೈರು, ಚೈನ್ ಲಿಂಕು, ನಿಮ್ಮ ಚಕ್ರದ ಅಳತೆಯ ನಾಲ್ಕಾರು ಸ್ಪೋಕ್‌ಗಳನ್ನು ಮನೆಯಿಂದಲೇ ಒಯ್ಯಿರಿ.

ಹಿಂದಿನವರ ಕಣ್ಣು ಮುಂದಿನವರ ಮಾತು

ಹಿಂದಿನ ಸವಾರರಿಗೆ ರಸ್ತೆ ಕಾಣದು, ಹ್ಯಾಂಡಲ್ ತಿರುಗದು. ಬ್ರೇಕ್ ಕೂಡ ಸಾಮಾನ್ಯವಾಗಿ ಮುಂದಿನವರ ಕೈಯಲ್ಲೇ. ದೃಷ್ಟಿದೋಷ ಇರುವವರೂ ದೂರದ ಪ್ರವಾಸ ಮಾಡಲು ಸಾಧ್ಯವಾಗಿಸುವುದು ಇದೇ ರಚನೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಅವರು ಹಿಂದೆ, ದೃಷ್ಟಿಯಿರುವ ಪೈಲಟ್ ಮುಂದೆ ಕೂತು ಸ್ಪರ್ಧಿಸುತ್ತಾರೆ. ಆದ್ದರಿಂದ 'ತಗ್ಗು', 'ಗೇರ್', 'ನಿಲ್ಲಿಸ್ತೀನಿ' ಎಂದು ಮುಂದಿನವರು ಮೊದಲೇ ಕೂಗಿ ಹೇಳುವುದು ಬ್ರೇಕ್‌ನಷ್ಟೇ ಮುಖ್ಯ.

ಹೊರಡುವ ಮುನ್ನ

ಪೂರ್ತಿ ಸಾಮಾನು ಹೇರಿಕೊಂಡು ವಿಜಯಪುರ–ತಿಕೋಟಾ–ಬಬಲೇಶ್ವರ ಸುತ್ತಿ ಬನ್ನಿ. ಸೀಟಿನ ಎತ್ತರ, ಚೈನಿನ ಬಿಗಿ, ಸ್ಪೋಕ್, ಇಬ್ಬರ ಹೊಂದಾಣಿಕೆ ಎಲ್ಲವೂ ಒಂದೇ ದಿನದಲ್ಲಿ ಗೊತ್ತಾಗುತ್ತವೆ. ಆದರೆ ಈ ಬಯಲು ದಾರಿ ಬ್ರೇಕನ್ನು ಪರೀಕ್ಷಿಸುವುದಿಲ್ಲ. ಅದಕ್ಕಾಗಿ ನಿಜವಾದ ಇಳಿಜಾರೊಂದನ್ನು ಹುಡುಕಿ, ಅದೇ ಭಾರದೊಂದಿಗೆ ಇಳಿದು ನೋಡಿ. ಬಯಲಿನಲ್ಲಿ ಪಾಸಾದ ಸೈಕಲ್ ಘಟ್ಟದಲ್ಲೂ ಪಾಸಾಗುತ್ತದೆ ಎಂದು ನಂಬಿ ಹೊರಟರೆ, ಆ ತಪ್ಪಿನ ಬೆಲೆ ತೆರುವವರು ಇಬ್ಬರು.