ಘಟ್ಟವಿಳಿಯುವಾಗ ಗಿಯರು ಯಾರ ಕೈಯಲ್ಲಿ?

ದಿಂಬಂನಿಂದ ಬಣ್ಣಾರಿಗೆ ಇಳಿಯುವ ಹಾದಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ದೂರದೂರಿನಿಂದ ಬರುವವರಿಗೆ ಅವು ಚಿತ್ರ ತೆಗೆದುಕೊಳ್ಳುವ ತಾಣ. ತಾಳವಾಡಿ ಸೀಮೆಯವರಿಗೆ ಅದು ಜಿಲ್ಲಾ ಕೇಂದ್ರದ ದಾರಿ. ತಿಗನಾರೆಯ ಮನೆಗಳಿಗೆ ಚಾಮರಾಜನಗರ ಹತ್ತಿರ, ಮಾತೂ ಒಂದೇ. ಆದರೆ ಕಾಗದಪತ್ರದ ಕೆಲಸಕ್ಕೆ ಹಾಸನೂರು, ದಿಂಬಂ, ಬಣ್ಣಾರಿ, ಸತ್ಯಮಂಗಲ ದಾಟಿ ಈರೋಡಿಗೇ ಹೋಗಬೇಕು. ಘಟ್ಟವಿಳಿಯದೆ ವಿಧಿಯಿಲ್ಲ.

ವಾರದ ಕೊನೆಯಲ್ಲಿ ಇದೇ ಹಾದಿಯಲ್ಲಿ ದೊಡ್ಡ ಬೈಕುಗಳ ಸಾಲು ಕಾಣುತ್ತದೆ. ಎತ್ತರದ ಆಸನ, ಉದ್ದನೆಯ ಮುಂಗಾಲು, ಎರಡೂ ಪಕ್ಕಕ್ಕೆ ಪೆಟ್ಟಿಗೆ, ಮಣ್ಣು ಕಲ್ಲುಗಳಿಗೆ ಒಗ್ಗುವ ಚಕ್ರ. ಸಾಹಸ ಪ್ರವಾಸದ ಬೈಕುಗಳೆಂದು ಇವುಗಳಿಗೆ ಹೆಸರು. ಇವುಗಳಲ್ಲಿ ಕೆಲವಕ್ಕೆ ಕ್ಲಚ್ಚಿನ ಹಿಡಿಯೇ ಇಲ್ಲ, ಗಿಯರು ತಾನೇ ಬದಲಾಗುತ್ತದೆ ಎಂಬುದು ಊರ ಹುಡುಗರ ಈಚಿನ ಬೆರಗು. ಗಿಯರು ಹಾಕದೆ ಓಡಿಸುವುದು ಬೈಕೇ ಅಲ್ಲ ಎಂಬುದು ಹಿರಿಯರ ತೀರ್ಪು. ಎರಡೂ ಮಾತಿನಲ್ಲಿ ಒಂದೊಂದು ಅಂಶ ಬಿಟ್ಟುಹೋಗಿದೆ. ಕ್ಲಚ್ಚಿಗೆ ಕೈ ಹಾಕದೆ ಗಿಯರು ಬದಲಿಸುವುದು ಈ ಭಾಗಕ್ಕೆ ಹೊಸದಲ್ಲ. ಮತ್ತು ಘಟ್ಟದಲ್ಲಿ ಕೇಳಬೇಕಾದ ಪ್ರಶ್ನೆ ಗಿಯರನ್ನು ಬದಲಿಸುವವರು ಯಾರು ಎಂಬುದಲ್ಲ, ಬೇಕಾದ ಗಿಯರನ್ನು ಬಿಡದೆ ಹಿಡಿದುಕೊಳ್ಳುವವರು ಯಾರು ಎಂಬುದು.

ಹಳೆಯ ಮಾತಿನಿಂದಲೇ ಆರಂಭಿಸಬಹುದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಬೈಕುಗಳನ್ನು, ಮುಂದೆ ಎಪ್ಪತ್ತರ ದಶಕದಿಂದ ಯೆಜ್ಡಿ ಎಂಬ ಹೆಸರಿನವನ್ನು ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ಆ ಬೈಕಿನಲ್ಲಿ ಕಿಕ್ ಹೊಡೆಯುವ ಹಿಡಿ ಮತ್ತು ಗಿಯರಿನ ಹಿಡಿ ಎರಡೂ ಒಂದೇ ಆಗಿದ್ದುದು ಹಲವರಿಗೆ ನೆನಪಿರುತ್ತದೆ. ಅಷ್ಟಾಗಿ ಮಾತಿಗೆ ಬಾರದ ಇನ್ನೊಂದು ವಿಶೇಷ ಅದರ ಅರೆ ಸ್ವಯಂಚಾಲಿತ ಕ್ಲಚ್. ಕಾಲಿನಿಂದ ಗಿಯರನ್ನು ಒತ್ತಿದೊಡನೆ ಅದೇ ಒತ್ತಡ ಒಳಗಿನ ಕ್ಲಚ್ಚನ್ನೂ ಬಿಡಿಸುತ್ತಿತ್ತು. ನಿಂತಲ್ಲಿಂದ ಹೊರಡಲು ಎಡಗೈಯ ಹಿಡಿ ಬೇಕು, ಓಡುತ್ತಿರುವಾಗ ಬೇಡ. ಕಂಪ್ಯೂಟರಿಲ್ಲ, ವಿದ್ಯುತ್ತಿನ ಸಹಾಯವಿಲ್ಲ, ಬರಿಯ ಉಕ್ಕಿನ ಜೋಡಣೆ. ಗಿಯರು ಯಾವುದಿರಬೇಕೆಂದು ತೀರ್ಮಾನಿಸುವ ಹಕ್ಕು ಮಾತ್ರ ಸವಾರನ ಕಾಲಿನಲ್ಲೇ ಉಳಿದಿತ್ತು.

ಇನ್ನೊಂದು ಕವಲು ಹೊಸೂರಿನದು. 1980ರಲ್ಲಿ ಅಲ್ಲಿಂದ ಹೊರಬಂದ ಟಿ.ವಿ.ಎಸ್. 50, ಅದರ ಸಂತತಿಯಾದ ಎಕ್ಸ್.ಎಲ್., ಇವುಗಳಿಗೆ ಇರುವುದು ಒಂದೇ ಗಿಯರು. ಎಂಜಿನ್ ಜೋರಾಗಿ ತಿರುಗಿದಾಗ ಕ್ಲಚ್ಚಿನ ತುಂಡುಗಳು ಹೊರಕ್ಕೆ ಚಿಮ್ಮಿ ಸುತ್ತಲಿನ ಬಟ್ಟಲನ್ನು ಕಚ್ಚಿಕೊಳ್ಳುತ್ತವೆ, ನಿಧಾನವಾದಾಗ ಬಿಟ್ಟುಬಿಡುತ್ತವೆ. ಕೋಸಿನ ಮೂಟೆ, ಹಾಲಿನ ಕ್ಯಾನು, ಟೊಮೆಟೊ ಕ್ರೇಟು, ಗೊಬ್ಬರದ ಚೀಲ ಇವನ್ನೆಲ್ಲ ಹೊತ್ತು ಹೊಲದ ಬದುವಿನ ಮೇಲೆ ಓಡಾಡುವ ಈ ಬಡ ವಾಹನಕ್ಕೆ ಸಾಹಸ ಎಂಬ ವಿಶೇಷಣವನ್ನು ಯಾವ ಜಾಹೀರಾತೂ ಕೊಟ್ಟಿಲ್ಲ. ಕೊಟ್ಟಿದ್ದರೆ ತಪ್ಪೇನೂ ಆಗುತ್ತಿರಲಿಲ್ಲ.

ಈಗ ದೊಡ್ಡ ಬೈಕಿನ ಸಂಗತಿ. ಹೋಂಡಾ ಕಂಪನಿ ತನ್ನ ಜೋಡಿ ಕ್ಲಚ್ಚಿನ ವ್ಯವಸ್ಥೆಯನ್ನು ಮೊದಲು ಅಳವಡಿಸಿದ್ದು ವಿ.ಎಫ್.ಆರ್. 1200 ಎಂಬ ಬೈಕಿಗೆ, 2010ರಲ್ಲಿ. 2017ರಲ್ಲಿ ಭಾರತಕ್ಕೆ ಬಂದ ಆಫ್ರಿಕಾ ಟ್ವಿನ್ ಎಂಬ ಸಾಹಸ ಬೈಕು ಇಲ್ಲಿ ಆರಂಭದಲ್ಲಿ ದೊರೆತದ್ದೇ ಈ ಬಗೆಯದು. ಅದರಲ್ಲಿ ಒಂದು ಕ್ಲಚ್ 1, 3, 5ನೆಯ ಗಿಯರುಗಳಿಗೆ, ಇನ್ನೊಂದು 2, 4, 6ಕ್ಕೆ. ಎರಡರಲ್ಲಿ ಓಡುತ್ತಿರುವಾಗಲೇ ಮೂರು ಸಿದ್ಧವಾಗಿ ಕಾದಿರುತ್ತದೆ. ಒಂದು ಕ್ಲಚ್ ಬಿಡುತ್ತಿದ್ದಂತೆ ಮತ್ತೊಂದು ಹಿಡಿಯುತ್ತದೆ. ಎಳೆತ ಕಡಿಯುವುದಿಲ್ಲ. ಬಿ.ಎಂ.ಡಬ್ಲ್ಯು., ಯಮಾಹಾ, ಕೆ.ಟಿ.ಎಂ. ಕಂಪನಿಗಳು 2024ರಲ್ಲಿ ತಂತಮ್ಮ ಬಗೆಗಳನ್ನು ಮುಂದಿಟ್ಟವು. ಅವುಗಳಲ್ಲಿ ಕ್ಲಚ್ ಒಂದೇ, ಹಳೆಯ ಪೆಟ್ಟಿಗೆಯೇ, ಗಿಯರು ಬದಲಿಸುವ ಕೆಲಸವನ್ನಷ್ಟೇ ಯಂತ್ರ ಮಾಡುತ್ತದೆ. ಭಾರತದ ಮಧ್ಯಮ ವರ್ಗದ ಕೈಗೆ ಎಟಕುವ ಸಾಹಸ ಬೈಕುಗಳು, ಚೆನ್ನೈ ಬಳಿ ತಯಾರಾಗುವ ಹಿಮಾಲಯನ್ ಇರಲಿ, ಹೀರೊ ಎಕ್ಸ್‌ಪಲ್ಸ್ ಇರಲಿ, ಕಾಲಿನ ಗಿಯರಿನವೇ.

ಏರುವಾಗ ಸ್ವಯಂಚಾಲಿತ ಬೈಕಿನ ಸೌಕರ್ಯವನ್ನು ಒಪ್ಪಲೇಬೇಕು. ಕಡಿದಾದ ತಿರುವಿನಲ್ಲಿ ಎದುರಿಗೆ ಬಸ್ಸು ಬಂದು ನಿಲ್ಲಿಸಬೇಕಾದಾಗ, ಮತ್ತೆ ಹೊರಡುವಾಗ, ಅರ್ಧ ಕ್ಲಚ್ಚಿನ ಹದ ತಪ್ಪಿ ಎಂಜಿನ್ ನಿಂತು ಬೈಕು ಹಿಂದಕ್ಕೆ ಜಾರುವ ಭಯ ಅದರಲ್ಲಿಲ್ಲ. ಆನೆ ರಸ್ತೆ ದಾಟುವವರೆಗೆ ದೂರದಲ್ಲಿ ಕಾದು ನಿಲ್ಲುವುದು ಈ ಕಾಡಿನ ನಿತ್ಯದ ನಿಯಮ. ಆ ಗಾಬರಿಯಲ್ಲಿ ಎಂಜಿನ್ ನಿಲ್ಲಿಸಿಕೊಳ್ಳದ ವಾಹನ ದೊಡ್ಡ ಉಪಕಾರಿ. ಎಡಗೈಯಲ್ಲಿ ಬಲವಿಲ್ಲದವರಿಗೆ, ಮಂಡಿನೋವಿನವರಿಗೆ ಅದು ಸೋಮಾರಿತನದ ಸಾಧನವಲ್ಲ, ಸವಾರಿಯ ಬಾಗಿಲು.

ಪರೀಕ್ಷೆ ಇರುವುದು ಇಳಿಯುವಾಗ. ಇಳಿಜಾರಿನಲ್ಲಿ ಹೇರು ತುಂಬಿದ ಗಾಡಿಯನ್ನು ಎತ್ತುಗಳು ನೊಗಕ್ಕೆ ಕೊರಳೊಡ್ಡಿ ಹಿಂದಕ್ಕೆ ತಡೆಯುತ್ತವಲ್ಲ, ಸಣ್ಣ ಗಿಯರಿನಲ್ಲಿರುವ ಎಂಜಿನ್ನಿನ ಕೆಲಸವೂ ಅದೇ. ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಚಕ್ರವನ್ನು ತಿರುಗಿಸುವುದಿಲ್ಲ. ಚಕ್ರವೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಸಣ್ಣ ಗಿಯರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ ಹೆಚ್ಚು ಸುತ್ತಬೇಕು, ಆದ್ದರಿಂದ ತಡೆಯೂ ಹೆಚ್ಚು. ಬ್ರೇಕಿನ ಪಾಲಿಗೆ ಉಳಿಯುವ ಭಾರ ಕಡಿಮೆ. ಈ ತಡೆ ಇಲ್ಲದಿದ್ದರೆ ಇಡೀ ಘಟ್ಟದ ಭಾರವನ್ನು ಬ್ರೇಕೊಂದೇ ಹೊರಬೇಕು. ಅದು ಕಾಯುತ್ತದೆ. ಕಾದ ಡ್ರಮ್ಮಿನಲ್ಲಿ ಲೈನರಿನ ಹಿಡಿತ ಇಳಿಯುತ್ತದೆ. ಡಿಸ್ಕ್ ಬ್ರೇಕಾದರೆ ಎಣ್ಣೆ ಕುದಿದು ಹಿಡಿ ಮೆತ್ತಗಾಗಬಹುದು. ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿ ಇಳಿಯುವವರು ಎತ್ತನ್ನು ಬಿಚ್ಚಿ ಗಾಡಿಯನ್ನು ಇಳಿಜಾರಿಗೆ ಬಿಟ್ಟವರು.

ಇಲ್ಲಿ ಮೊಪೆಡ್ಡಿನ ಮಿತಿ ಕಾಣುತ್ತದೆ. ವೇಗ ಕುಗ್ಗಿದೊಡನೆ ಅದರ ಕ್ಲಚ್ ತಾನೇ ಕಳಚಿಕೊಳ್ಳುತ್ತದೆ. ಅಂದರೆ ತಿರುವಿನಲ್ಲಿ ನಿಧಾನಿಸಿದಾಗ, ತಡೆ ಅತ್ಯಗತ್ಯವಾದ ಗಳಿಗೆಯಲ್ಲೇ, ಎಂಜಿನ್ ಕೈಬಿಡುತ್ತದೆ. ಗಿಯರಿಲ್ಲದ ಸ್ಕೂಟರುಗಳ ಕತೆಯೂ ಬಹುಮಟ್ಟಿಗೆ ಇದೇ. ಹೊಲದ ದಾರಿಗೆ ಎಕ್ಸ್.ಎಲ್.ಗೆ ಸಾಟಿಯಿಲ್ಲ, ಎರಡು ಮೂಟೆ ಹೇರಿಕೊಂಡು ಒಂದೇ ಉಸಿರಿಗೆ ದಿಂಬಂ ಇಳಿಯಲು ಅದನ್ನು ಯಾರೂ ರೂಪಿಸಲಿಲ್ಲ. ಹಳೆಯ ಜಾವಾಕ್ಕೆ ಗಿಯರು ಹಿಡಿದುಕೊಳ್ಳುವ ಶಕ್ತಿಯಿತ್ತು, ಆದರೆ ಎರಡು ಹೊಡೆತದ ಎಂಜಿನ್ನಿನ ತಡೆ ಸಹಜವಾಗಿಯೇ ದುರ್ಬಲ. ಪೆಟ್ರೋಲಿನಲ್ಲೇ ಎಣ್ಣೆ ಬೆರೆತಿರುತ್ತಿದ್ದುದರಿಂದ ಉದ್ದದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿದರೆ ಎಂಜಿನ್ನಿಗೆ ಎಣ್ಣೆಯೂ ಸಾಲದು. ಅರಿತ ಸವಾರರು ನಡುನಡುವೆ ಒಮ್ಮೆ ಆಕ್ಸಿಲರೇಟರ್ ತಿರುವುತ್ತಿದ್ದುದು ಆ ಕಾರಣಕ್ಕೆ.

ಜೋಡಿ ಕ್ಲಚ್ಚಿನ ದೊಡ್ಡ ಬೈಕು ಇವೆರಡಕ್ಕಿಂತ ಬುದ್ಧಿವಂತ. ಆಫ್ರಿಕಾ ಟ್ವಿನ್ನಿನಲ್ಲಿ ಸಾಧಾರಣ ಓಟಕ್ಕೆ ಒಂದು ಕ್ರಮ, ಚುರುಕಾದ ಓಟಕ್ಕೆ ಮೂರು ಮಟ್ಟಗಳ ಇನ್ನೊಂದು ಕ್ರಮ ಇವೆ. ಏರು, ಇಳಿಜಾರುಗಳನ್ನು ಗ್ರಹಿಸಿ ಗಿಯರು ಆರಿಸುವ ಏರ್ಪಾಡೂ ಇದೆ. ಆದರೂ ಆ ಯಂತ್ರಕ್ಕೆ ತಿಳಿದಿರುವುದು ಚಕ್ರದಡಿಯ ರಸ್ತೆ ಮಾತ್ರ. ಮುಂದಿನ ತಿರುವಿನಾಚೆ ಬಿದಿರ ಮೆಳೆಯ ಮರೆಯಲ್ಲಿ ಕಬ್ಬಿನ ಲಾರಿ ಬರುತ್ತಿರುವುದು ಅದಕ್ಕೆ ತಿಳಿಯದು. ಸಾಧಾರಣ ಕ್ರಮದಲ್ಲಿ ಇಂಧನ ಉಳಿಸಲು ಅದು ದೊಡ್ಡ ಗಿಯರಿನತ್ತ ವಾಲುತ್ತದೆ. ಘಟ್ಟದಲ್ಲಿ ಬೇಕಿರುವುದು ಅದರ ವಿರುದ್ಧ. ಇದಕ್ಕಾಗಿಯೇ ಎಡಗೈಯ ಬಳಿ ಗಿಯರು ಏರಿಸಿ ಇಳಿಸುವ ಎರಡು ಗುಂಡಿಗಳಿವೆ. ತಿರುವಿಗೆ ಮುನ್ನ ಗುಂಡಿಯೊತ್ತಿ ಎರಡಕ್ಕೆ ಇಳಿಸಿಕೊಂಡವನು ಸುರಕ್ಷಿತ. ಗುಂಡಿ ಯಾವಾಗ ಒತ್ತಬೇಕೆಂಬ ತಿಳಿವಳಿಕೆ ಮಾತ್ರ ಗುಂಡಿಯಲ್ಲಿಲ್ಲ. ಅದು ಕಾಲಿನ ಗಿಯರಿನಲ್ಲಿ ಕಲಿತವರಿಗೆ ಸುಲಭವಾಗಿ ಒಲಿಯುತ್ತದೆ.

ಮತ್ತೂ ಕೆಲವು ಸಣ್ಣ ಸಂಗತಿಗಳುಂಟು, ಕಾಡಿನ ದಾರಿಯಲ್ಲಿ ಅವು ಸಣ್ಣವಲ್ಲ. ಇಳಿಜಾರಿನಲ್ಲಿ ಬೈಕು ನಿಲ್ಲಿಸುವಾಗ ಒಂದನೆಯ ಗಿಯರಿನಲ್ಲಿ ಬಿಡುವುದು ಇಲ್ಲಿ ಮಕ್ಕಳಿಗೂ ಗೊತ್ತು. ಹೋಂಡಾದ ಈ ಬೈಕು ಎಂಜಿನ್ ಆರಿಸಿದಾಗ ನ್ಯೂಟ್ರಲ್‌ಗೆ ಬರುತ್ತದೆ. ಹಾಗಾಗಿ ಕಾರಿನಂತೆ ಅದಕ್ಕೆ ಬೇರೆಯೇ ಪಾರ್ಕಿಂಗ್ ಬ್ರೇಕ್ ಕೊಡಲಾಗಿದೆ. ಮರೆತರೆ ಬೈಕು ತಾನೇ ಹೊರಡುತ್ತದೆ. ಬ್ಯಾಟರಿ ಸೋತಾಗ ಕಾಲಿನ ಗಿಯರಿನ ಬೈಕನ್ನು, ಸ್ವಲ್ಪವಾದರೂ ಚಾರ್ಜ್ ಉಳಿದಿದ್ದರೆ, ತಳ್ಳಿ ಎರಡನೆಯ ಗಿಯರಿನಲ್ಲಿ ಎಬ್ಬಿಸಬಹುದು. ಜೋಡಿ ಕ್ಲಚ್ಚಿನದನ್ನು ತಳ್ಳಿ ಎಬ್ಬಿಸಲಾಗದು. ತೂಕವೂ ಸುಮಾರು 10 ಕಿಲೋ ಹೆಚ್ಚು. ಕೆಸರಿನಲ್ಲಿ ಬಿದ್ದ ಬೈಕನ್ನು ಒಬ್ಬನೇ ಎತ್ತುವಾಗ ಆ 10 ಕಿಲೋದ ಲೆಕ್ಕ ತಿಳಿಯುತ್ತದೆ. ಇನ್ನು ಎಂಜಿನ್ ಓಡುತ್ತಿರುವ ಯಾವ ಸ್ವಯಂಚಾಲಿತ ವಾಹನವೇ ಆಗಲಿ, ಸ್ಕೂಟರೂ ಸೇರಿ, ಮುಂದೆ ನಿಂತ ಮಗು ಆಕ್ಸಿಲರೇಟರ್ ತಿರುವಿದರೆ ತಡೆಯಲು ಕ್ಲಚ್ಚಿನ ಹಿಡಿಯಿಲ್ಲ. ಮನೆಯಂಗಳದಲ್ಲಿ ನೆನಪಿಡಬೇಕಾದದ್ದು ಇದು.

ಪೋಷಕರ ಪ್ರಶ್ನೆ ಸಾಮಾನ್ಯವಾಗಿ ದೊಡ್ಡ ಬೈಕಿನದ್ದಲ್ಲ. ಮಗ ಅಥವಾ ಮಗಳು ಮೊದಲು ಯಾವುದರಲ್ಲಿ ಕಲಿಯಬೇಕು ಎಂಬುದು. ಸಪಾಟು ಊರಿನಲ್ಲಿ ಇದಕ್ಕೆ ಎರಡು ಉತ್ತರಗಳಿರಬಹುದು. ಘಟ್ಟದ ಮೇಲಿನ ಊರಿನಲ್ಲಿ ಗಿಯರಿನ ಹಗುರ ಬೈಕೇ ಸರಿ. ಪರವಾನಗಿಯಲ್ಲಿಯೂ ಗಿಯರಿರುವ ಮತ್ತು ಗಿಯರಿಲ್ಲದ ವಾಹನಗಳಿಗೆ ಬೇರೆ ಬೇರೆ ವರ್ಗವಿದೆ. ಗಿಯರಿನದನ್ನು ಪಡೆದವರು ಸ್ಕೂಟರನ್ನೂ ಓಡಿಸಬಹುದು, ಗಿಯರಿಲ್ಲದ್ದನ್ನು ಪಡೆದವರಿಗೆ ಬೈಕು ಸಲ್ಲದು. ವಯಸ್ಸಿನ ವಿಷಯದಲ್ಲಿ ಹಳ್ಳಿಗಳಲ್ಲಿ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಕೂತಿದೆ, ಮೊಪೆಡ್ಡಾದರೆ ಹೈಸ್ಕೂಲಿನ ಹುಡುಗನೂ ಓಡಿಸಬಹುದೆಂದು. ಕಾನೂನು 16 ವರ್ಷದವರಿಗೆ ಬಿಟ್ಟಿರುವುದು 50 ಸಿ.ಸಿ. ಮೀರದ, ಗಿಯರಿಲ್ಲದ ವಾಹನವನ್ನು, ಅದೂ ಪರವಾನಗಿ ಪಡೆದ ಮೇಲೆ. ಇಂದಿನ ಎಕ್ಸ್.ಎಲ್. 100ರ ಎಂಜಿನ್ 99.7 ಸಿ.ಸಿ. ಅದಕ್ಕೆ 18 ತುಂಬಲೇಬೇಕು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆ; ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ.

ಘಟ್ಟದಲ್ಲಿ ಅವಸರಕ್ಕೆ ಈಗ ಇನ್ನೊಂದು ಕಾರಣವೂ ಸೇರಿದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಈ ಹಾದಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಕಾಡುಪ್ರಾಣಿಗಳ ಪಾಲಿಗೆ ಅದು ನ್ಯಾಯ. ಆದರೆ ಗೇಟು ಮುಚ್ಚುವ ಮುನ್ನ ದಾಟಿಬಿಡೋಣ ಎಂದು ಸಂಜೆಯ ಹೊತ್ತಿನಲ್ಲಿ ದೊಡ್ಡ ಗಿಯರಿನಲ್ಲೇ ಇಳಿಯುವವರೂ ಇದ್ದಾರೆ. ಅರ್ಧ ಗಂಟೆ ಮೊದಲೇ ಮನೆಯಿಂದ ಹೊರಟರೆ, ಏರಿದ ಗಿಯರಿನಲ್ಲೇ ಇಳಿಯುವ ಹಳೆಯ ಚಾಲಕರ ಪದ್ಧತಿಗೆ ಸಮಯ ಧಾರಾಳವಾಗಿ ಉಳಿಯುತ್ತದೆ.