ಶ್ರೀಮಂತಿ ಬಾಯಿ ಸ್ಮಾರಕವನ್ನು ಮಳೆಗೆ ಒಪ್ಪಿಸಬೇಡಿ

ಮಂಗಳೂರಿನ ನಾಗರಿಕರಲ್ಲಿ ಒಂದು ವಿನಂತಿ



ಬಿಜೈಯ ಕೆಎಸ್ಸಾರ್ಟಿಸಿ ಬಸ್ ನಿಲ್ದಾಣಕ್ಕೆ ನೀವೆಲ್ಲ ಹೋಗಿದ್ದೀರಿ. ಬೆಂಗಳೂರಿಗೆ ಹೊರಟ ಮಗನನ್ನು ರಾತ್ರಿ ಬಸ್ಸು ಹತ್ತಿಸಲು ಹೋಗಿದ್ದೀರಿ, ಊರಿಂದ ಬರುವ ಅತ್ತಿಗೆಯನ್ನು ಕರಕೊಂಡು ಬರಲು ಹೋಗಿದ್ದೀರಿ. ಅಲ್ಲಿಗೆ ಹತ್ತಿರದಲ್ಲೇ ಹಡಗಿನ ಆಕಾರದ ಒಂದು ಕಟ್ಟಡವಿದೆ. ಅದರ ಪೂರ್ತಿ ಹೆಸರು ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ. ನಮ್ಮ ಬಾಯಲ್ಲಿ ಅದು ಬಿಜೈ ಮ್ಯೂಸಿಯಂ. ಅದರೊಳಗೆ ನೀವು ಕೊನೆಯ ಸಲ ಕಾಲಿಟ್ಟದ್ದು ಯಾವಾಗ? ಬಹುಪಾಲು ಜನ ಶಾಲೆಯಲ್ಲಿದ್ದಾಗ ಎನ್ನುತ್ತಾರೆ. ಹೋಗಿಯೇ ಇಲ್ಲ ಎನ್ನುವವರೂ ಬೇಕಾದಷ್ಟಿದ್ದಾರೆ.

ಆ ಕಟ್ಟಡ ಮೊದಲು ಕರ್ನಲ್ ವಿ.ಆರ್. ಮಿರಜ್ಕರ್ ಅವರ ಮನೆ. ವೃತ್ತಿಯಲ್ಲಿ ವೈದ್ಯರು. ತಮ್ಮ ತಾಯಿ ಶ್ರೀಮಂತಿ ಬಾಯಿಯವರ ನೆನಪಿಗೆಂದು ಅವರು ಆ ಮನೆಯನ್ನೇ ಸರ್ಕಾರಕ್ಕೆ ಕೊಟ್ಟುಬಿಟ್ಟರು. 1960ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆಯಿತು. ನಮ್ಮ ಜಿಲ್ಲೆ ಮದರಾಸಿನಿಂದ ಬಿಡಿಸಿಕೊಂಡು, ಕಾಸರಗೋಡನ್ನು ಕೇರಳಕ್ಕೆ ಬಿಟ್ಟುಕೊಟ್ಟು, ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ನಾಲ್ಕು ವರ್ಷವೂ ತುಂಬಿರಲಿಲ್ಲ. ಊರಿನವರೊಬ್ಬರು, ಇದು ಇನ್ನು ನಿಮ್ಮೆಲ್ಲರದು ಎಂದು ಮನೆಯ ಬೀಗದ ಕೈಯನ್ನು ಕೊಟ್ಟಿದ್ದರು. ರಾಜರ, ಗವರ್ನರರ, ದಂಡನಾಯಕರ ಹೆಸರಿನ ಕಟ್ಟಡಗಳು ನಾಡಿನ ತುಂಬ ಇವೆ. ಒಬ್ಬ ತಾಯಿಯ ಹೆಸರನ್ನು ಹೊತ್ತು, ಮಗನ ಮನೆಯೇ ಊರಿನ ಮನೆಯಾದದ್ದು ತೀರ ವಿರಳ. ನಮ್ಮ ಪಾಲಿಗೆ ಈ ಕಟ್ಟಡದ ಮೊದಲ ಬೆಲೆ ಇದೇ.

ಒಳಗೆ ಕಲ್ಲಿನ ವಿಗ್ರಹಗಳಿವೆ, ಶಾಸನಗಳಿವೆ, ನಾಣ್ಯಗಳಿವೆ, ಮರದ ಕೆತ್ತನೆಗಳಿವೆ. ಒಂದೊಂದನ್ನೂ ಕರಾವಳಿಯ ಗಾಳಿ ಒಂದೊಂದು ಬಗೆಯಲ್ಲಿ ತಿನ್ನುತ್ತದೆ. ಮರಕ್ಕೆ ಗೆದ್ದಲು, ಲೋಹಕ್ಕೆ ಉಪ್ಪುಗಾಳಿ, ಬಣ್ಣಕ್ಕೆ ಬೂಸಲು. ಸೋರುವ ಗೋಡೆಯ ಪಕ್ಕ ಇಟ್ಟ ಕೆತ್ತನೆ ಎಷ್ಟು ಮಳೆಗಾಲ ಉಳಿದೀತೆಂದು ನಮ್ಮ ಮನೆಯ ಹಳೆಯ ಪೆಟ್ಟಿಗೆಯೊಂದನ್ನು ನೋಡಿದರೆ ಸಾಕು, ತಿಳಿಯುತ್ತದೆ. ಈ ಸಂಗ್ರಹಾಲಯ ಸೋರುತ್ತಿದೆ, ನೋಡಿಕೊಳ್ಳಲು ಸಾಕಷ್ಟು ಜನರಿಲ್ಲ, ಬರುವವರು ಕಡಿಮೆ ಎಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ವರ್ಷಗಳಿಂದ ಓದುತ್ತಲೇ ಬಂದಿದ್ದೇವೆ. ಓದಿ ಮಡಚಿ ಇಟ್ಟಿದ್ದೇವೆ.

ನಾವು ಹೇಳಬೇಕೆಂದಿರುವುದು ಇಷ್ಟು: ಮಂಗಳೂರಿನಲ್ಲಿ ಒಂದು ಕಟ್ಟಡವನ್ನು ಕೆಡವಲು ಯಾರ ಆದೇಶವೂ ಬೇಡ, ಜೆಸಿಬಿಯೂ ಬೇಡ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಊರಿದು. ನಾಲ್ಕು ಮಳೆಗಾಲ ಮಾಡನ್ನು ನೋಡದೆ ಬಿಟ್ಟರೆ ಮಳೆಯೇ ಕೆಡಹುತ್ತದೆ. ತಾರಸಿಯ ಬಿರುಕಿನಲ್ಲಿ ಇಳಿದ ನೀರು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಗೋಡೆಯ ಸಂದಿನಲ್ಲಿ ಬಿದ್ದ ಹಕ್ಕಿಯ ಹಿಕ್ಕೆಯಿಂದ ಗೋಳಿಯ ಸಸಿ ಎದ್ದು ಬೇರು ಬಿಡುತ್ತದೆ. ಆಮೇಲೆ ಒಂದು ದಿನ ಯಾರೋ ಬಂದು ನೋಡಿ, ಇದು ಶಿಥಿಲ, ಅಪಾಯಕಾರಿ, ಕೆಡಹುವುದೇ ಒಳ್ಳೆಯದು ಎಂದು ಬರೆದು ಹೋಗುತ್ತಾರೆ. ಆಗ ವಿರೋಧಿಸಲು ನಮ್ಮಲ್ಲಿ ಮಾತೇ ಉಳಿದಿರುವುದಿಲ್ಲ, ಏಕೆಂದರೆ ಅವರು ಬರೆದದ್ದು ನಿಜವಾಗಿರುತ್ತದೆ. ಆದ್ದರಿಂದ ಕೆಡಹುವ ಮಾತು ಬಂದ ಮೇಲೆ ಬೀದಿಗಿಳಿಯುತ್ತೇವೆ ಎನ್ನುವವರಿಗೆ ನಮ್ಮ ಉತ್ತರ: ಆಗ ಹೊತ್ತು ಮೀರಿರುತ್ತದೆ. ಬಸ್ ನಿಲ್ದಾಣದ ಮಗ್ಗುಲಿನ ಜಾಗಕ್ಕೆ ಇಂದು ಎಂಥ ಬೆಲೆ ಎಂಬುದನ್ನು ಮಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡವನ್ನು ನೆನೆಯಿರಿ. 1892ರಲ್ಲಿ ವೈಸ್‌ರಾಯ್ ಬಂದ ನೆನಪಿಗೆ ಕಟ್ಟಿದ್ದು. ಪುಸ್ತಕದಂಗಡಿಗಳ ಸಾಲಿಗೆ ಹೆಸರಾಗಿದ್ದದ್ದು. 2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ನಾಲ್ಕು ಜೀವ ಹೋಯಿತು. ಅಲ್ಲಿಗೆ ನಾಲ್ಕೇ ವರ್ಷಕ್ಕೆ ಹತ್ತಿರದ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಎರಡನ್ನೂ ಉಳಿಸಬೇಕೋ ಕೆಡಹಬೇಕೋ ಎಂಬ ಜಗಳ ಅಲ್ಲಿಂದ ವರ್ಷಗಟ್ಟಲೆ ನಡೆಯಿತು. ಬೀಳುವ ಮೊದಲೇ ರಿಪೇರಿ ನಡೆದಿದ್ದರೆ ಆ ನಾಲ್ವರು ಬದುಕಿರುತ್ತಿದ್ದರು. ಹಳೆಯ ಕಟ್ಟಡ ಉಳಿಸಿ ಎನ್ನುವವರಿಗೆ ಜನರ ಪ್ರಾಣದ ಚಿಂತೆಯಿಲ್ಲ ಎಂದು ದೂರುವವರಿದ್ದಾರೆ. ನಾವು ಕಾಲಕಾಲಕ್ಕೆ ದುರಸ್ತಿ ಕೇಳುತ್ತಿರುವುದೇ ಪ್ರಾಣದ ಚಿಂತೆಯಿಂದ.

ಅದೇ ಮೈಸೂರಿನಲ್ಲಿ ಉಳಿದ ಕಟ್ಟಡವೂ ಇದೆ. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಕಟ್ಟಿಸಿದ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿಯೂ ಆಗಿತ್ತು. ಓದುಗರು, ಪತ್ರಿಕೆಯವರು ದನಿಯೆತ್ತಿದರು. ಕೆಲಸ ನಿಂತಿತು, ಪಾಲಿಕೆ ಮನೆಯನ್ನು ಕೊಂಡಿತು, 2016ರಲ್ಲಿ ಅದು ಸಂಗ್ರಹಾಲಯವಾಗಿ ತೆರೆಯಿತು. ಬೆಂಗಳೂರಿನ ಅಠಾರಾ ಕಚೇರಿಯನ್ನು 1980ರ ದಶಕದಲ್ಲಿ ಕೆಡಹುವ ಯೋಚನೆ ಸರ್ಕಾರಕ್ಕೇ ಇತ್ತು. ಜನ ಬಿಡಲಿಲ್ಲ. ಇಂದು ಆ ಕೆಂಪು ಕಟ್ಟಡದಲ್ಲಿ ನಮ್ಮ ಉಚ್ಚ ನ್ಯಾಯಾಲಯ ನಡೆಯುತ್ತಿದೆ.

ದೂರವೇಕೆ? ನಮ್ಮ ಬಾವುಟಗುಡ್ಡೆಯಲ್ಲೇ ನೋಡಿ. ಸಂತ ಅಲೋಶಿಯಸ್ ಚಾಪೆಲಿನ ಗೋಡೆ, ಮಾಡಿನ ತುಂಬ ಇಟಲಿಯ ಆಂಟೋನಿಯೊ ಮೊಸ್ಕೇನಿ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಬರೆದ ಚಿತ್ರಗಳನ್ನು ಇದೇ ಮಳೆ, ಇದೇ ತೇವ ಹಾಳುಮಾಡಿತ್ತು. 1990ರ ದಶಕದ ಮೊದಲಲ್ಲಿ ಪರಂಪರೆ ಉಳಿಸುವ ಕೆಲಸದ ಇಂಟ್ಯಾಕ್ ಸಂಸ್ಥೆಯ ತಜ್ಞರು ಬಂದು ಕೆಲಸ ಮಾಡಿದರು. ಇವತ್ತು ದೇಶವಿದೇಶದಿಂದ ಜನ ಅದನ್ನು ನೋಡಲು ಬರುತ್ತಾರೆ. ಮಂಗಳೂರಿನ ಹವೆಯಲ್ಲಿ ಹಳೆಯದನ್ನು ಉಳಿಸಲು ಆಗುವುದಿಲ್ಲ ಎಂಬ ಮಾತು ಸುಳ್ಳೆಂದು ಈ ಊರೇ ತೋರಿಸಿಕೊಟ್ಟಿದೆ. ಇನ್ನು ಮಾಡಿನ ಕೆಲಸದ ವಿಷಯವೋ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದು ದೇಶಕ್ಕೆಲ್ಲ ಮಂಗಳೂರು ಹಂಚು ಹೊದಿಸಿದ ಊರು ನಮ್ಮದು. ಪರವೂರಿನ ಮನೆಗಳನ್ನು ಮಳೆಯಿಂದ ಕಾಯ್ದವರಿಗೆ ನಮಗೇ ದಾನವಾಗಿ ಬಂದ ಒಂದು ಮನೆಯನ್ನು ಕಾಯಲು ಆಗದೇ?

ಕೆಲವರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ: ಹಳೆಯದನ್ನು ತೆಗೆದು ಅದೇ ಜಾಗದಲ್ಲಿ ಹವಾನಿಯಂತ್ರಿತ ಹೊಸ ಕಟ್ಟಡ ಕಟ್ಟಿ, ವಸ್ತುಗಳನ್ನು ಅಲ್ಲಿ ಇಟ್ಟರೆ ಸಾಲದೇ? ಸಾಲದು. ದಾನವಾಗಿ ಬಂದದ್ದು ಆ ಮನೆ. ತಾಯಿಯ ನೆನಪು ಅಂಟಿರುವುದು ಆ ಗೋಡೆಗೆ. ಅದನ್ನು ಒಡೆದು ಹೊಸದಕ್ಕೆ ಅದೇ ಹೆಸರಿನ ಫಲಕ ಹಾಕಿದರೆ ಕೊಟ್ಟವರ ಮಾತನ್ನು ಮುರಿದಂತೆ. ಇಂಥ ನಡತೆ ಕಂಡರೆ ನಾಳೆ ಯಾರು ತಮ್ಮ ಮನೆಯನ್ನು ಊರಿಗೆ ಬಿಟ್ಟುಕೊಟ್ಟಾರು? ಜಾಗ ಸಾಲದಿದ್ದರೆ ಪಕ್ಕದಲ್ಲಿ ಕಟ್ಟಲಿ, ನಮ್ಮ ತಕರಾರಿಲ್ಲ.

ಕಾನೂನು ಕಾಯುತ್ತದೆ ಎಂದು ನಂಬಿ ಕೂರುವಂತೆಯೂ ಇಲ್ಲ. ಪ್ರಾಚೀನ ಸ್ಮಾರಕಗಳ ಕಾಯಿದೆ, ಕೇಂದ್ರದ್ದಾಗಲಿ ರಾಜ್ಯದ್ದಾಗಲಿ, ನೂರು ವರ್ಷ ತುಂಬಿದ್ದನ್ನು ಮಾತ್ರ ಸ್ಮಾರಕ ಎನ್ನುತ್ತದೆ. ಅಷ್ಟು ವಯಸ್ಸಾಗದ ಮನೆಗಳಿಗೆ ಅದರ ನೆರಳಿಲ್ಲ. ಕದ್ರಿ, ಬಲ್ಮಠ, ಕೊಡಿಯಾಲಬೈಲುಗಳಲ್ಲಿ ದೊಡ್ಡ ಹಿತ್ತಿಲಿನ ಹಂಚಿನ ಮನೆಗಳು ಒಂದೊಂದಾಗಿ ಹೋಗಿ ಫ್ಲ್ಯಾಟುಗಳಾದದ್ದನ್ನು ನಮ್ಮ ಕಣ್ಣೆದುರೇ ಕಂಡಿದ್ದೇವೆ. ಅವು ಖಾಸಗಿಯವರ ಮನೆಗಳು, ಅವರ ಕಷ್ಟ ಅವರಿಗೆ. ಆದರೆ ಇದು ನಮ್ಮದು.

ಒಂದು ಮಾತು ನಮ್ಮನ್ನೇ ಕುರಿತು. ಸ್ಮಾರಕ ಉಳಿಯುವುದು ಬಳಕೆಯಿಂದ. ನಮ್ಮ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ದಲಿತ ಮಕ್ಕಳಿಗೆ ಶಾಲೆ ತೆರೆದು, ಅದಕ್ಕಾಗಿ ತಮ್ಮ ಜಾತಿಯವರ ಬಹಿಷ್ಕಾರಕ್ಕೆ ಒಳಗಾದ ಮಹಾನುಭಾವರು ಅವರು. ಅಲ್ಲಿ ನಾಟಕ, ಸಭೆ, ಸನ್ಮಾನ ನಡೆಯುತ್ತಿರುವ ತನಕ ಆ ಹೆಸರು ಜನರ ಕಿವಿಗೆ ಬೀಳುತ್ತಲೇ ಇರುತ್ತದೆ. ಶ್ರೀಮಂತಿ ಬಾಯಿಯ ಹೆಸರು ಬೀಳುತ್ತಿಲ್ಲ. ತಪ್ಪು ಸರ್ಕಾರದ್ದಷ್ಟೇ ಎಂದರೆ ನಾವು ನುಣುಚಿಕೊಂಡಂತೆ. ನಾವು ಹೋಗದ ಕಟ್ಟಡಕ್ಕೆ ಯಾವ ಇಲಾಖೆ ದುಡ್ಡು ಇಟ್ಟೀತು?

ಪತ್ತನಾಜೆ ನಮಗೆಲ್ಲ ಗೊತ್ತಿರುವ ದಿನ. ಮೇ 24ರ ಹೊತ್ತಿಗೆ ಬರುತ್ತದೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವಷ್ಟರಲ್ಲಿ ನಾವು ಹಂಚು ಕೈಯಾಡಿಸಿ, ಕಟ್ಟಿಗೆ ಒಳಗಿಟ್ಟು, ಇರಿಚಲು ಬಡಿಯುವ ಕಡೆ ತಟ್ಟಿ ಕಟ್ಟಿ ಮುಗಿಸಿರಬೇಕು. ಬಡವನ ಗುಡಿಸಲಿಗೂ ಇರುವ ಈ ಕ್ರಮ ಊರಿನ ಸ್ಮಾರಕಕ್ಕೂ ಇರಲಿ. ಪ್ರತಿ ವರ್ಷ ಪತ್ತನಾಜೆಯೊಳಗೆ ಕಟ್ಟಡವನ್ನು ಬಲ್ಲ ಎಂಜಿನಿಯರ್ ಒಬ್ಬರು ಅದರ ಮಾಡು, ಗೋಡೆ, ನೀರಿನ ದಾರಿ ನೋಡಿ ವರದಿ ಬರೆಯಲಿ. ಆ ವರದಿಯನ್ನು ಕಟ್ಟಡದ ಬಾಗಿಲಲ್ಲೇ ಕನ್ನಡದಲ್ಲಿ ಅಂಟಿಸಲಿ. ಯಾವ ರಿಪೇರಿಗೆ ಎಷ್ಟು ಖರ್ಚಾಯಿತೆಂದೂ ಬರೆಯಲಿ. ಒಳಗಿರುವ ಪ್ರತಿಯೊಂದು ವಸ್ತುವಿನ ಚಿತ್ರಸಹಿತ ಪಟ್ಟಿ ಅಚ್ಚಾಗಲಿ. ನಾಳೆ ಒಂದು ನಾಣ್ಯ ಕಾಣೆಯಾದರೂ ಕೇಳಲು ನಮ್ಮ ಕೈಯಲ್ಲಿ ಆಧಾರವಿರಬೇಕು. ಊರಿನವರ ಎದುರು ಸಭೆ ಕರೆದು ಕೇಳದೆ ಆ ಕಟ್ಟಡದ ಒಂದು ಕಲ್ಲನ್ನೂ ಕದಲಿಸುವುದಿಲ್ಲ ಎಂದು ಜಿಲ್ಲಾಡಳಿತ ಲಿಖಿತ ಭರವಸೆ ಕೊಡಲಿ.

ಮೇಷ್ಟ್ರುಗಳೇ, ಟೀಚರುಗಳೇ, ಮಕ್ಕಳನ್ನು ಊಟಿಗೆ, ಮೈಸೂರಿಗೆ ಕರೆದೊಯ್ಯುವ ಮುನ್ನ ಅರ್ಧ ದಿನ ಬಿಜೈಗೆ ಕರೆತನ್ನಿ. ಯುವಕ ಮಂಡಲದವರೇ, ಮಹಿಳಾ ಮಂಡಲದ ಅಕ್ಕಂದಿರೇ, ನಿಮ್ಮ ಒಂದು ಸಭೆಯಲ್ಲಿ ಈ ವಿಷಯ ಎತ್ತಿ, ನಿರ್ಣಯ ಬರೆದು ಪುರಾತತ್ವ ಇಲಾಖೆಗೂ ನಿಮ್ಮ ಶಾಸಕರಿಗೂ ಕಳುಹಿಸಿ. ಬಸ್ಸಿಗೆ ಇನ್ನೂ ಒಂದು ಗಂಟೆ ಇದೆಯೆಂದು ನಿಲ್ದಾಣದಲ್ಲಿ ಕುಳಿತವರೇ, ಎದ್ದು ಹೋಗಿ ಒಮ್ಮೆ ನೋಡಿ ಬನ್ನಿ. ಓದಿದ ಮೇಲೆ ಈ ಕರಪತ್ರವನ್ನು ಎಸೆಯದೆ ಇನ್ನೊಬ್ಬರ ಕೈಗೆ ಕೊಡಿ.

ಇತಿ,
ಮಂಗಳೂರಿನ ನಾಗರಿಕರು