ವಾಲ್ವ್ ಸ್ಪ್ರಿಂಗ್ ಮನೆಯಲ್ಲೇ ಬದಲಾಯಿಸಬಹುದೇ? ಫಾರ್ವರ್ಡ್ ಮಾಡುವ ಮುನ್ನ ಇಷ್ಟು ತಿಳಿದಿರಲಿ

ಇಂಜಿನ್ ಹೊಗೆ ಬಿಟ್ಟರೆ, ಪಿಕಪ್ ಬಿದ್ದುಹೋದರೆ ಮೆಕ್ಯಾನಿಕ್ ಹತ್ತಿರ ಹೋಗುವುದೇ ಬೇಡ, ಒಂದು ಕೈ ಉಪಕರಣ ಇದ್ದರೆ ವಾಲ್ವ್ ಸ್ಪ್ರಿಂಗ್ ನೀವೇ ಬದಲಾಯಿಸಿಕೊಳ್ಳಬಹುದು ಎನ್ನುವ ಧಾಟಿಯ ವಿಡಿಯೊಗಳು ಮೊಬೈಲ್‌ನಲ್ಲಿ ಸಿಗುತ್ತಲೇ ಇರುತ್ತವೆ. ಹೆಮ್ಮಿಗೆಯೂ ಸೇರಿದಂತೆ ಟಿ. ನರಸೀಪುರ, ನಂಜನಗೂಡು ತಾಲ್ಲೂಕುಗಳ ಊರುಗಳಲ್ಲಿ ಇದು ಬರೀ ಕುತೂಹಲದ ವಿಷಯವಲ್ಲ. ನಾಟಿ ಸಮಯದಲ್ಲಿ ಪವರ್ ಟಿಲ್ಲರ್ ನಿಂತರೆ, ಕರೆಂಟ್ ಇಲ್ಲದ ಹೊತ್ತಿನಲ್ಲಿ ಡೀಸೆಲ್ ಪಂಪ್‌ಸೆಟ್ ಕೈಕೊಟ್ಟರೆ ನಷ್ಟವಾಗುವುದು ಬೆಳೆಗೆ. ಹಾಗಾದರೆ ಈ ಮಾತಿನಲ್ಲಿ ನಿಜ ಎಷ್ಟು?

ಚುಟುಕಾಗಿ ಹೇಳುವುದಾದರೆ: ಬದಲಾಯಿಸಲು ಸಾಧ್ಯ ಎನ್ನುವುದು ನಿಜ. ಸ್ಕ್ರೂಡ್ರೈವರ್ ಸಾಕು ಎನ್ನುವುದು ಅಪಾಯ. ಸ್ಪ್ರಿಂಗ್ ಬದಲಾಯಿಸಿದರೆ ಹೊಗೆ ನಿಲ್ಲುತ್ತದೆ ಎನ್ನುವುದು ಸುಳ್ಳು.

ವಾಲ್ವ್ ಸ್ಪ್ರಿಂಗ್ ಮಾಡುವ ಕೆಲಸ ಏನು?

ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಗಾಳಿ ಒಳಗೆ ಬರಲು ಒಂದು ಬಾಗಿಲು, ಹೊಗೆ ಹೊರಗೆ ಹೋಗಲು ಇನ್ನೊಂದು ಬಾಗಿಲು. ಇವೇ ವಾಲ್ವ್‌ಗಳು. ಕ್ಯಾಮ್ ಶಾಫ್ಟ್ ಇವನ್ನು ತಳ್ಳಿ ತೆರೆಯುತ್ತದೆ, ಸ್ಪ್ರಿಂಗ್ ಎಳೆದು ಮುಚ್ಚುತ್ತದೆ. ಇಂಜಿನ್ ಎರಡು ಸುತ್ತು ತಿರುಗಿದಾಗ ಒಂದೊಂದು ವಾಲ್ವ್ ಒಂದು ಸಲ ತೆರೆದು ಮುಚ್ಚುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗುವ ಪಂಪ್‌ಸೆಟ್ ಇಂಜಿನ್ ಎಂದುಕೊಳ್ಳಿ. ಅದರ ವಾಲ್ವ್ ನಿಮಿಷಕ್ಕೆ 750 ಸಲ, ಗಂಟೆಗೆ 45,000 ಸಲ ಬಡಿಯುತ್ತದೆ. 6000 ಸುತ್ತು ತಿರುಗುವ ಬೈಕಿನಲ್ಲಾದರೆ ಸೆಕೆಂಡಿಗೆ 50 ಸಲ.

ಸ್ಪ್ರಿಂಗ್ ಸೋತಿದ್ದರೆ ವಾಲ್ವ್ ಸಮಯಕ್ಕೆ ಸರಿಯಾಗಿ ಮುಚ್ಚುವುದಿಲ್ಲ. ಈ ತೊಂದರೆ ಹೆಚ್ಚಾಗಿ ಗೊತ್ತಾಗುವುದು ಇಂಜಿನ್ ಜೋರಾಗಿ ತಿರುಗುವಾಗ. ನಿಧಾನವಾಗಿ ಒಂದೇ ವೇಗದಲ್ಲಿ ಓಡುವ ಪಂಪ್‌ಸೆಟ್‌ನಲ್ಲಿ ಸೋತ ಸ್ಪ್ರಿಂಗ್ ಅಪರೂಪದ ಕಾರಣ. ಸ್ಪ್ರಿಂಗ್ ಮುರಿದಿದ್ದರೆ ಮಾತ್ರ ಟಕಟಕ ಶಬ್ದದೊಂದಿಗೆ ಕೂಡಲೇ ಗೊತ್ತಾಗುತ್ತದೆ.

ನಿಮ್ಮ ಇಂಜಿನ್‌ನಲ್ಲಿ ಈ ಸ್ಪ್ರಿಂಗ್ ಇದೆಯೇ?

ಮೊದಲು ಕೇಳಬೇಕಾದ ಪ್ರಶ್ನೆಯೇ ಇದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಟೂ ಸ್ಟ್ರೋಕ್. ಅವುಗಳಲ್ಲಿ ಇಂಥ ವಾಲ್ವೂ ಇಲ್ಲ, ವಾಲ್ವ್ ಸ್ಪ್ರಿಂಗೂ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಚಲಿಸುತ್ತಾ ಸಿಲಿಂಡರ್ ಗೋಡೆಯ ಕಿಂಡಿಗಳನ್ನು ಮುಚ್ಚಿ ತೆರೆಯುತ್ತದೆ. ಹಳೆಯ ಟಿವಿಎಸ್ ಮೊಪೆಡ್‌ಗಳೂ ಟೂ ಸ್ಟ್ರೋಕ್. ಈಗಿನ ಎಕ್ಸ್‌ಎಲ್ 100 ಮತ್ತು ಹೊಸದಾಗಿ ಬಂದಿರುವ ಜಾವಾ, ಯೆಜ್ಡಿಗಳು ಫೋರ್ ಸ್ಟ್ರೋಕ್. ಅವುಗಳಲ್ಲಿ ಸ್ಪ್ರಿಂಗ್ ಇದೆ. ಕರೆಂಟ್ ಮೋಟರಿಗಂತೂ ಇದರ ಸಂಬಂಧವೇ ಇಲ್ಲ. ಎಲ್ಲಾ ಇಂಜಿನ್‌ಗೂ ಒಂದೇ ಉಪಾಯ ಎನ್ನುವ ಯಾವ ವಿಡಿಯೊವನ್ನೂ ನಂಬಬೇಡಿ.

ಹೊಗೆಗೆ ಸ್ಪ್ರಿಂಗ್ ಕಾರಣವೇ?

ಅಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ನೀಲಿ ಹೊಗೆ ಬಂದು ನಿಂತರೆ, ವಾಲ್ವ್ ಕಡ್ಡಿಯ ಸುತ್ತ ಇರುವ ರಬ್ಬರ್ ಸೀಲ್ ಹಳಸಿ, ರಾತ್ರಿಯೆಲ್ಲಾ ಆಯಿಲ್ ಒಳಗೆ ಜಿನುಗಿರುವ ಸಾಧ್ಯತೆ ಹೆಚ್ಚು. ಓಡುವಷ್ಟು ಹೊತ್ತೂ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಡೀಸೆಲ್ ಇಂಜಿನ್ ಕಪ್ಪು ಹೊಗೆ ಬಿಟ್ಟರೆ ಏರ್ ಫಿಲ್ಟರ್, ನಾಜಲ್, ಹೆಚ್ಚಿನ ಲೋಡ್ ನೋಡಬೇಕು.

ಗೊಂದಲ ಹುಟ್ಟುವುದು ಇಲ್ಲೇ. ಆ ರಬ್ಬರ್ ಸೀಲ್ ಬದಲಾಯಿಸಬೇಕಾದರೆ ಮೇಲಿನ ಸ್ಪ್ರಿಂಗ್ ಬಿಚ್ಚಲೇಬೇಕು. ಹಾಗಾಗಿ ಸ್ಪ್ರಿಂಗ್ ಬಿಚ್ಚಿದ ಮೇಲೆ ಹೊಗೆ ನಿಂತಿತು ಎಂದು ಯಾರಾದರೂ ಹೇಳಿದರೆ ಅದು ಸುಳ್ಳೇನಲ್ಲ. ಆದರೆ ಹೊಗೆ ನಿಲ್ಲಿಸಿದ್ದು ಹೊಸ ಸೀಲ್, ಹೊಸ ಸ್ಪ್ರಿಂಗ್ ಅಲ್ಲ. ಪಿಕಪ್ ಇಲ್ಲ ಎನ್ನುವವರೂ ಮೊದಲು ಟ್ಯಾಪೆಟ್ ಸಂದು, ಏರ್ ಫಿಲ್ಟರ್, ಕಂಪ್ರೆಷನ್ ನೋಡಿಸಬೇಕು. ಟ್ಯಾಪೆಟ್ ಸರಿಮಾಡಲು ಸ್ಪ್ರಿಂಗ್ ಮುಟ್ಟುವ ಅಗತ್ಯವೇ ಇಲ್ಲ.

ಸ್ಕ್ರೂಡ್ರೈವರ್ ಯಾಕೆ ಬೇಡ?

ಜೋಡಿಸಿದ ಸ್ಪ್ರಿಂಗ್ ಸುಮ್ಮನೆ ಕುಳಿತಿರುವುದಿಲ್ಲ. ಒತ್ತಿ ಹಿಡಿದ ಸ್ಥಿತಿಯಲ್ಲೇ ಇರುತ್ತದೆ. ಅದನ್ನು ಹಿಡಿದಿಡುವುದು ಎರಡು ಪುಟ್ಟ ಅರ್ಧಚಂದ್ರದಂಥ ತುಂಡುಗಳು. ಅವಕ್ಕೆ ವಾಲ್ವ್ ಲಾಕ್ ಎನ್ನುತ್ತಾರೆ. ಸ್ಪ್ರಿಂಗನ್ನು ಹೆಚ್ಚು ಒತ್ತಿದಷ್ಟೂ ಅದು ಅಷ್ಟೇ ಪ್ರಮಾಣದಲ್ಲಿ ತಿರುಗಿ ತಳ್ಳುತ್ತದೆ. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ಇದು.

ಒಂದು ಲೆಕ್ಕ ನೋಡಿ. ಒಂದು ಮಿಲಿಮೀಟರ್ ಒತ್ತಲು ಸುಮಾರು 2 ಕೆಜಿ ಭಾರ ಬೇಕಾಗುವ ಸ್ಪ್ರಿಂಗನ್ನು 25 ಮಿಲಿಮೀಟರ್ ಒತ್ತಿದರೆ ಅದು 50 ಕೆಜಿ ಬಲದಿಂದ ತಳ್ಳುತ್ತದೆ. ಅದರಲ್ಲಿ ಸಂಗ್ರಹವಾದ ಶಕ್ತಿ ಸುಮಾರು 6 ಜೂಲ್, ಅಂದರೆ ಅರ್ಧ ಕೆಜಿ ಕಲ್ಲು ಒಂದೂಕಾಲು ಮೀಟರ್ ಎತ್ತರದಿಂದ ಬಿದ್ದಷ್ಟು. ಆ ಶಕ್ತಿಯೆಲ್ಲಾ 50 ಗ್ರಾಂ ತೂಕದ ಸ್ಪ್ರಿಂಗಿನ ಚಲನೆಗೆ ಹೋದರೆ ಅದು ಗಂಟೆಗೆ 55 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಚಿಮ್ಮುತ್ತದೆ. ಕೆಲಸ ಮಾಡುವವರ ಮುಖ ಅದರ ನೇರಕ್ಕೇ ಬಾಗಿರುತ್ತದೆ. ಸ್ಕ್ರೂಡ್ರೈವರ್ ಜಾರುವುದು ಅರೆಕ್ಷಣದ ಕೆಲಸ, ಹೋಗುವುದು ಕಣ್ಣು.

ಸರಿಯಾದ ಉಪಕರಣ ಯಾವುದು?

ಸ್ಪ್ರಿಂಗ್ ಒತ್ತಿ ಹಿಡಿಯಲೆಂದೇ ಮಾಡಿದ ವಾಲ್ವ್ ಸ್ಪ್ರಿಂಗ್ ಕಂಪ್ರೆಸರ್ ಬೇಕು. ಹೆಚ್ಚು ಬಳಕೆಯಲ್ಲಿರುವುದು ಸಿ ಅಕ್ಷರದ ಆಕಾರದ ಕ್ಲ್ಯಾಂಪ್. ಇದನ್ನು ಬಳಸಲು ಸಿಲಿಂಡರ್ ಹೆಡ್ ಬಿಚ್ಚಿ ಹೊರಗಿಡಬೇಕು. ಒಂದು ತುದಿ ವಾಲ್ವಿನ ತಲೆಯ ಮೇಲೆ, ಇನ್ನೊಂದು ತುದಿ ಸ್ಪ್ರಿಂಗಿನ ಬಟ್ಟಲ ಮೇಲೆ ಕೂರುತ್ತದೆ. ತಿರುಪು ತಿರುಗಿಸಿದಂತೆ ಸ್ಪ್ರಿಂಗ್ ನಿಧಾನವಾಗಿ ಒತ್ತಿಕೊಂಡು, ಲಾಕ್‌ಗಳು ಸಡಿಲವಾಗುತ್ತವೆ. ಮ್ಯಾಗ್ನೆಟ್‌ನಿಂದ ಅವನ್ನು ತೆಗೆಯಬಹುದು.

ಹೆಡ್ ಬಿಚ್ಚದೆ ಮಾಡುವ ವಿಧಾನವೂ ಇದೆ. ಪೆಟ್ರೋಲ್ ಇಂಜಿನ್ ಆದರೆ ಎರಡೂ ವಾಲ್ವ್ ಮುಚ್ಚಿರುವ ಕಂಪ್ರೆಷನ್ ಹಂತದಲ್ಲಿ ಪಿಸ್ಟನ್ ಸ್ವಲ್ಪ ಕೆಳಗಿರುವಾಗ ಸ್ಪಾರ್ಕ್ ಪ್ಲಗ್ ತೂತಿನಿಂದ ಶುಭ್ರವಾದ ಹಗ್ಗ ತುಂಬಿ, ಒಂದು ತುದಿ ಹೊರಗೇ ಬಿಟ್ಟು, ಕೈಯಿಂದ ಇಂಜಿನ್ ತಿರುಗಿಸಿ ಪಿಸ್ಟನ್ ಮೇಲೆ ತರುತ್ತಾರೆ. ಹಗ್ಗ ವಾಲ್ವನ್ನು ಕೆಳಗಿನಿಂದ ಆತು ಹಿಡಿಯುತ್ತದೆ. ಇದು ನುರಿತ ಮೆಕ್ಯಾನಿಕ್‌ಗಳ ನಿಜವಾದ ಉಪಾಯ, ಜಾದೂ ಅಲ್ಲ. ಆದರೆ ಹಗ್ಗ ಸಡಿಲವಾಗಿದ್ದರೆ ಲಾಕ್ ತೆಗೆದ ಕೂಡಲೇ ವಾಲ್ವ್ ಸಿಲಿಂಡರ್ ಒಳಕ್ಕೆ ಜಾರುತ್ತದೆ. ಆಗ ಹೆಡ್ ಬಿಚ್ಚದೆ ಗತಿಯಿಲ್ಲ. ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ.

ಮನೆಯಲ್ಲಿ ಮಾಡುವುದಾದರೆ

• ಇಂಜಿನ್ ಪೂರ್ತಿ ತಣ್ಣಗಾಗಿರಲಿ. ಕಣ್ಣಿಗೆ ಸುರಕ್ಷತಾ ಕನ್ನಡಕ ಕಡ್ಡಾಯ. ಮಕ್ಕಳನ್ನು ಹತ್ತಿರ ಬಿಡಬೇಡಿ.
• ಆಯಿಲ್ ಇಳಿಯುವ ತೂತುಗಳನ್ನು ಬಟ್ಟೆಯಿಂದ ಮುಚ್ಚಿ. ಒಂದು ಲಾಕ್ ಒಳಗೆ ಬಿದ್ದರೆ ಹುಡುಕುವುದು ಕಷ್ಟ.
• ಹಳೆಯ ಸ್ಪ್ರಿಂಗಿನ ಉದ್ದವನ್ನು ವರ್ನಿಯರ್‌ನಿಂದ ಅಳೆದು ಕಂಪನಿಯ ಪುಸ್ತಕದಲ್ಲಿರುವ ಅಳತೆಗೆ ಹೋಲಿಸಿ. ಸರಿಯಿದ್ದರೆ ಬದಲಾಯಿಸುವ ಖರ್ಚು ಬೇಡ.
• ಹಳೆಯ ಸ್ಪ್ರಿಂಗ್ ಎಳೆದು ಉದ್ದ ಮಾಡಿ ಹಾಕಬೇಡಿ. ಮನಸ್ಸಿಗೆ ಬಂದಷ್ಟು ವಾಷರ್ ಕೊಡುವುದೂ ತಪ್ಪು. ವಾಲ್ವ್ ತೆರೆಯುವಾಗ ಸುರುಳಿಗಳು ಒಂದಕ್ಕೊಂದು ತಾಗಿ ಬಿಗಿದುಕೊಳ್ಳಬಹುದು.
• ಸುರುಳಿಗಳು ಒಂದು ತುದಿಯಲ್ಲಿ ಒತ್ತಾಗಿದ್ದರೆ, ಸಾಮಾನ್ಯವಾಗಿ ಆ ತುದಿ ಹೆಡ್ ಕಡೆಗೆ ಬರಬೇಕು.
• ಹೆಡ್ ಬಿಚ್ಚಿದ್ದರೆ ಹೊಸ ಗ್ಯಾಸ್ಕೆಟ್ ಹಾಕಿ. ಬೋಲ್ಟ್‌ಗಳನ್ನು ಹೇಳಿದ ಕ್ರಮದಲ್ಲಿ, ಹೇಳಿದಷ್ಟೇ ಬಿಗಿಮಾಡಿ.
• ಕೊನೆಗೆ ಫೀಲರ್ ಗೇಜ್‌ನಿಂದ ಟ್ಯಾಪೆಟ್ ಸರಿಮಾಡಿ, ಸ್ಟಾರ್ಟ್ ಮಾಡುವ ಮುನ್ನ ಕೈಯಿಂದ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ತಡೆದರೆ ಬಲ ಹಾಕಬೇಡಿ.

ಯಾರು ಕೈಹಾಕಬಾರದು?

ಈಗಿನ ಹೆಚ್ಚಿನ ಬೈಕುಗಳಲ್ಲಿ ಕ್ಯಾಮ್ ಶಾಫ್ಟ್ ಹೆಡ್ಡಿನಲ್ಲೇ ಇದ್ದು, ಚೈನ್‌ನಿಂದ ತಿರುಗುತ್ತದೆ. ಸ್ಪ್ರಿಂಗ್ ಬಿಚ್ಚಲು ಆ ಚೈನನ್ನೂ ತೆಗೆಯಬೇಕು. ಮತ್ತೆ ಜೋಡಿಸುವಾಗ ಟೈಮಿಂಗ್ ಗುರುತು ತಪ್ಪಿದರೆ ಪಿಸ್ಟನ್ ವಾಲ್ವಿಗೆ ಬಡಿದು ಅದು ಬಾಗಬಹುದು. ಟೈಮಿಂಗ್ ಕೂರಿಸಿ ಗೊತ್ತಿಲ್ಲದವರು ಬೈಕಿನ ಹೆಡ್ಡಿಗೆ ಕೈಹಾಕದಿರುವುದೇ ಲೇಸು. ಪುಶ್ ರಾಡ್ ಇರುವ ಒಂಟಿ ಸಿಲಿಂಡರ್ ಪಂಪ್‌ಸೆಟ್ ಇಂಜಿನ್ ಇದಕ್ಕಿಂತ ಸರಳ. ಆದರೂ ಮೊದಲ ಸಲ ಗೊತ್ತಿರುವವರ ಪಕ್ಕ ಕುಳಿತು ಕಲಿಯಿರಿ.

ಕಣ್ಣಿಗೆ ತುಂಡು ಬಡಿದರೆ?

ಉಜ್ಜಬೇಡಿ, ಒತ್ತಬೇಡಿ. ಚುಚ್ಚಿಕೊಂಡಿದ್ದರೆ ಕೀಳಬೇಡಿ, ನೀರು ಎರಚಬೇಡಿ, ಎಣ್ಣೆ, ಎದೆಹಾಲು ಯಾವುದನ್ನೂ ಹಾಕಬೇಡಿ. ಕಣ್ಣಿಗೆ ತಾಗದಂತೆ ಕಾಗದದ ಲೋಟವನ್ನು ಮೇಲೆ ಮುಚ್ಚಿ, 108ಕ್ಕೆ ಕರೆ ಮಾಡಿ ಅಥವಾ ಕಣ್ಣಿನ ವಿಭಾಗವಿರುವ ಆಸ್ಪತ್ರೆಗೆ ಕೂಡಲೇ ಹೋಗಿ. ನೋವು ಕಡಿಮೆ ಎಂದು ಮರುದಿನಕ್ಕೆ ಬಿಡಬೇಡಿ. ಒಳಹೊಕ್ಕ ಸಣ್ಣ ಲೋಹದ ಚೂರು ಮೊದಲು ಹೆಚ್ಚು ನೋಯದೆಯೂ ಇರಬಹುದು.

ತೀರ್ಮಾನ

ವಾಲ್ವ್ ಸ್ಪ್ರಿಂಗ್ ಬದಲಾಯಿಸುವುದು ಕಲಿತವರಿಗೆ ಮನೆಯಲ್ಲೇ ಆಗುವ ಕೆಲಸ. ಆದರೆ ಸರಿಯಾದ ಕಂಪ್ರೆಸರ್, ಕನ್ನಡಕ, ನಿಮ್ಮ ಇಂಜಿನ್ನಿನ ಅಳತೆಗಳು, ಈ ಮೂರೂ ಇರಬೇಕು. ಒಂದು ಇಲ್ಲದಿದ್ದರೂ ಮೆಕ್ಯಾನಿಕ್ ಕೂಲಿಯೇ ಅಗ್ಗ. ಇನ್ನೊಮ್ಮೆ ಅಂಥ ವಿಡಿಯೊ ಬಂದರೆ, ಯಾವ ಇಂಜಿನ್, ಯಾವ ಉಪಕರಣ, ಕೆಲಸ ಮಾಡುವವರು ಕನ್ನಡಕ ಹಾಕಿದ್ದಾರೆಯೇ ಎಂದು ನೋಡಿ. ಆಮೇಲೆ ಫಾರ್ವರ್ಡ್ ಮಾಡಬೇಕೋ ಬೇಡವೋ ತೀರ್ಮಾನಿಸಿ.